ನೂರ ತೊಂಬತ್ತೈದೋ ಇನ್ನೂರೈದೋ

ಅಥವಾ ಅದು ನೂರ ತೊಂಬತ್ತೈದೇ ಇದ್ದಿರಬಹುದು. ಇಷ್ಟು ವರ್ಷ ಇನ್ನೂರೈದು ಎಂದೇ ನಂಬಿಕೊಂಡು ಬಂದಿದ್ದೇನೆ. ಆದರೆ ಹೋದ ವಾರ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಯಿಂದ ಆ ವಾಸನೆ ಒಳಗೆ ಬಂದಾಗ, ಕಣ್ಣೆದುರು ನಿಂತ ಟೈರಿನ ಮೇಲೆ ನೂರ ತೊಂಬತ್ತೈದು ಎಂದಿತ್ತು. ಸೀಮೆಸುಣ್ಣದಲ್ಲಿ, ನನ್ನದೇ ಅಕ್ಷರದಲ್ಲಿ. ಇಷ್ಟು ಸ್ಪಷ್ಟವಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ಅನುಕೂಲವಾದದ್ದಾದರೆ ಇನ್ನೂ ನಂಬುವುದಿಲ್ಲ.

ವಾಸನೆ ಹುರುಳಿಯದು. ಊರೊಂದರ ಮುಂದೆ ರಸ್ತೆಯ ಅರ್ಧಕ್ಕೆ ಹುರುಳಿ ಗಿಡಗಳನ್ನು ಬೇರುಸಮೇತ ಕಿತ್ತು ತಂದು ಹಾಸಿದ್ದರು. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಹಾದಂತೆಲ್ಲ ಒಣಗಿದ ಕಾಯಿ ಒಡೆದು ಕಾಳು ಉದುರುತ್ತದೆ. ಸಂಜೆ ಹೊಟ್ಟನ್ನು ಎತ್ತಿಹಾಕಿ ಕಾಳು ಗುಡಿಸಿಕೊಳ್ಳುತ್ತಾರೆ. ಕಣಕ್ಕೆ ಜಾಗವಿಲ್ಲದವರ, ಎತ್ತು ಮಾರಿಕೊಂಡವರ ಒಕ್ಕಣೆ ಅದು. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಬಸ್ಸಿನಲ್ಲಿದ್ದ ಯಾರೂ ತಲೆ ಎತ್ತಿ ನೋಡಲಿಲ್ಲ. ಚಾಲಕ ನಿಧಾನ ಮಾಡಿದ, ನಿಲ್ಲಿಸಲಿಲ್ಲ. ಒಣಗಿದ ಹುರುಳಿಯ ಮೇಲೆ ಯಾರೂ ಗಾಡಿ ನಿಲ್ಲಿಸುವುದಿಲ್ಲ, ಅಡಿಯ ಬಿಸಿಗೆ ಹೊತ್ತಿಕೊಳ್ಳುತ್ತದೆ. ಅದು ನನಗೂ ಗೊತ್ತಿತ್ತು.

ಟೈರಿನ ಪಕ್ಕೆಯ ಮೇಲೆ ಉಬ್ಬಿದ ಅಂಕಿಗಳಿರುತ್ತವೆ. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ನೂರ ತೊಂಬತ್ತೈದಕ್ಕೂ ಇನ್ನೂರೈದಕ್ಕೂ ಇರುವ ವ್ಯತ್ಯಾಸ ಹತ್ತು ಮಿಲಿಮೀಟರು, ಒಳಗಡೆ ಐದು, ಹೊರಗಡೆ ಐದು. ಒಂದು ಹುರುಳಿಕಾಳಿನಷ್ಟು. ನಾನು ಟೈರು ಮಾರಿ ಬದುಕುವವನು, ದಿನವಿಡೀ ಇವೇ ಅಂಕಿಗಳನ್ನು ಉಸುರುವವನು. ಅಂಥವನಿಗೆ ಅದೊಂದೇ ಅಂಕಿ ನೆನಪಿಲ್ಲ ಎಂದರೆ ಕೇಳಿದವರು ಅನುಮಾನ ಪಡಬೇಕು. ಪಡಲಿ.

ಆ ಧನುರ್ಮಾಸಕ್ಕೆ ಏಳು ವರ್ಷವಾಯಿತು, ಎಂಟೂ ಇರಬಹುದು. ಆಗ ನಾನು ನಂಜನಗೂಡಿನಲ್ಲಿ, ಊಟಿ ರಸ್ತೆಯ ಬದಿಯ ನಾಗಣ್ಣನ ಟೈರು ಅಂಗಡಿಯಲ್ಲಿದ್ದೆ. ಹುಲ್ಲಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ನಾಲೆಯ ಮೇಲೆ ಮಂಜು ಕೂತಿರುತ್ತಿತ್ತು, ಒಂಬತ್ತು ಗಂಟೆಯವರೆಗೆ ಕಬ್ಬಿನ ಗದ್ದೆ ಕಾಣುತ್ತಿರಲಿಲ್ಲ. ಹನ್ನೊಂದಾಗುವ ಹೊತ್ತಿಗೆ ಅದೇ ಆಕಾಶ ಕಾದ ಹೆಂಚು. ಬೆಳಿಗ್ಗೆ ಟೈರು ಬಿಚ್ಚುವ ಕಬ್ಬಿಣದ ಲಿವರು ಹಿಡಿದರೆ ಬೆರಳು ಸೆಟೆಯುತ್ತಿತ್ತು, ಮಧ್ಯಾಹ್ನ ಅದೇ ಲಿವರಿಗೆ ಬಟ್ಟೆ ಸುತ್ತಿ ಹಿಡಿಯಬೇಕಿತ್ತು. ಹುರುಳಿಗೆ ಅಂಥ ಬಿಸಿಲು ಬೇಕು. ಕೆಲಸ ಮಾಡುವವರಿಗೆ ಬೇಡ.

ನಾಗಣ್ಣ ಓದಿದವನಲ್ಲ. ಟೈರು ಕಂಪನಿಯವರು ಕೊಟ್ಟಿದ್ದ ಅಳತೆ ಪಟ್ಟಿಯನ್ನು ಗೋಡೆಗೆ ಹಚ್ಚಿದ್ದ, ಆದರೆ ಅದರ ಮುಂದೆಯೇ ಅಂಗಿ ನೇತುಹಾಕುತ್ತಿದ್ದ. ಆಗ ಹುಡುಗರು ಕಾರು ತಗ್ಗಿಸುವ ಹುಚ್ಚಿಗೆ ಬಿದ್ದಿದ್ದರು. ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿ ಕಾರನ್ನು ನೆಲದ ಹತ್ತಿರಕ್ಕೆ ಕೂರಿಸುವುದು, ಎಲ್ಲಿಂದಲೋ ಅಗಲದ ಅಲಾಯ್ ಚಕ್ರ ತರುವುದು, ಆಮೇಲೆ ನಮ್ಮ ಮುಂದೆ ನಿಂತು ಇದಕ್ಕೆ ಎಷ್ಟು ಅಗಲದ ಟೈರು ಎಂದು ಕೇಳುವುದು. ನಾಗಣ್ಣ ಉತ್ತರ ಹೇಳುವ ಮೊದಲು ಎದುರಿನ ಚಹಾದಂಗಡಿಗೆ ಕೂಗು ಹಾಕುತ್ತಿದ್ದ.

"ಲೇ, ನಾಕ್ ಜನ ಬರ್ರಲಾ, ಕಾರಲ್ ಕೂತ್ಕಳಿ!"

"ಎಲ್ಲಿಗ್ ಕರ್ಕೊಂಡೋಗ್ತೀಯ ನಾಗಣ್ಣ?"

"ಎಲ್ಲಿಗೂ ಇಲ್ಲ. ಸುಮ್ಕೆ ಭಾರ ಆಗಿ ಸಾಕು. ನಿಮ್ ಕೈಲಾಗೋದು ಅದೊಂದೇ ಅಲ್ವಾ."

ನಾಲ್ಕು ಜನ ನಗುತ್ತ ಒಳಗೆ ತುಂಬಿಕೊಳ್ಳುತ್ತಿದ್ದರು. ಕಾರು ಇನ್ನಷ್ಟು ಕುಸಿಯುತ್ತಿತ್ತು. ಆಗ ನಾಗಣ್ಣ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಬೆರಳು ತೂರಿಸಿ ಒಂದು ಸುತ್ತು ಎಳೆಯುತ್ತಿದ್ದ. ಬೆರಳು ಸಿಕ್ಕಿಕೊಂಡ ಕಡೆ ತಡೆದು, ತುಟಿ ಕಚ್ಚಿ, ಒಂದು ಅಂಕಿ ಹೇಳುತ್ತಿದ್ದ. ನನಗೆ ಹೇಳಿದ್ದು ಒಂದೇ ಮಾತು: "ಕಾಲಿ ಕಾರು ಸುಳ್ ಏಳ್ತದೆ ಕಣ್ಲಾ. ಜನ ಕೂರ್ಸು, ಆಮ್ಯಾಕ್ ನಂಬರ್ ಏಳು."

ರೇಣುಕ ಬಂದ ದಿನ ನಾಗಣ್ಣ ಇರಲಿಲ್ಲ. ಮಗಳ ಮನೆಗೆ ಹೋಗಿದ್ದ. ರೇಣುಕ ನನ್ನ ಜೊತೆ ಪದವಿ ಕಾಲೇಜಿನಲ್ಲಿ ಓದಿದವನು, ಪೂರ್ತಿ ಹೆಸರು ರೇಣುಕಪ್ರಸಾದ. ತಿ. ನರಸೀಪುರದಲ್ಲಿ ಅವರಪ್ಪನದು ಸಿಮೆಂಟು, ಕಬ್ಬಿಣದ ವ್ಯಾಪಾರ. ಮಠಕ್ಕೆ ನಡೆದುಕೊಳ್ಳುವ ಮನೆ, ಊರಲ್ಲಿ ಮಾತಿಗೆ ಬೆಲೆ ಇದ್ದ ಮನೆ. ಬಿಳಿ ಕಾರನ್ನು ಅದಾಗಲೇ ತಗ್ಗಿಸಿದ್ದ. ಡಿಕ್ಕಿಯಲ್ಲಿ ನಾಲ್ಕು ಹೊಸ ಚಕ್ರ, ಹಬ್ಬದ ತಟ್ಟೆಯ ಹಾಗೆ ಹೊಳೆಯುತ್ತಿದ್ದವು.

"ಅಗಲ ಕಾಣ್ಬೇಕು ಮಗಾ," ಅಂದ. "ಹಿಂದಿನಿಂದ ನೋಡಿದ್ರೆ ಕಾರು ನೆಲಕ್ಕೆ ಅಂಟ್ಕೊಂಡಂಗಿರ್ಬೇಕು."

"ನೂರ ತೊಂಬತ್ತೈದು ಹಾಕೋಣ. ರಿಮ್ಮಿಗೆ ಚೂರು ಎಳ್ಕೊಂಡು ಕೂರುತ್ತೆ, ಮಡ್‌ಗಾರ್ಡಿಗೆ ತಾಕಲ್ಲ."

"ಎಳ್ಕೊಂಡು ಅಂದ್ರೆ? ಮಗನ ಅಂಗಿ ಅಪ್ಪ ಹಾಕ್ಕೊಂಡಂಗಾ? ಬ್ಯಾಡ ಕಣೋ. ತುಂಬ್ಕೊಂಡಿರೋದು ಹಾಕು."

"ಇನ್ನೂರೈದು ಹಾಕಿದ್ರೆ ಭಾರಕ್ಕೆ ತಾಕಬಹುದು."

"ನನ್ ಕಾರಲ್ಲಿ ಯಾವನ್ ಕೂರ್ತಾನೆ? ನಾನೊಬ್ನೆ."

ಇಲ್ಲಿಯವರೆಗಿನ ಮಾತು ನನಗೆ ನೆನಪಿದೆ, ಅಥವಾ ಎಷ್ಟೋ ಸಲ ಒಳಗೇ ಆಡಿಕೊಂಡು ಗಟ್ಟಿಯಾಗಿದೆ. ಮುಂದಿನದು ಒಡೆದಿದೆ. ನಾನು ಚಹಾದಂಗಡಿಗೆ ಕೂಗಿ ನಾಲ್ಕು ಜನರನ್ನು ಕೂರಿಸಿದ ಚಿತ್ರ ನನ್ನ ತಲೆಯಲ್ಲಿದೆ. ಹಿಂದಿನ ಸೀಟಿನ ಮೂಲೆಯಲ್ಲಿ ಪುಟ್ಟಸ್ವಾಮಿ, ಆಟೋ ಓಡಿಸುವವನು, ಕಿಟಕಿಯಿಂದ ಕೈ ಹೊರಗೆ ಹಾಕಿ ಮದುವೆ ಗಂಡಿನ ಹಾಗೆ ಬೀಸುತ್ತಿದ್ದಾನೆ. ನಾನು ಕುಕ್ಕರುಗಾಲಲ್ಲಿ ಕೂತು ಬೆರಳು ತೂರಿಸುತ್ತಿದ್ದೇನೆ. ಬೆರಳು ಸಲೀಸಾಗಿ ಸುತ್ತುತ್ತದೆ. ಈ ಚಿತ್ರ ನನ್ನನ್ನು ನಾಲ್ಕು ವರ್ಷ ಕಾಪಾಡಿತು. ಆಮೇಲೊಂದು ದಿನ ಪುಟ್ಟಸ್ವಾಮಿಯೇ ಸಿಕ್ಕಿ ಮಾತಿನ ನಡುವೆ ಹೇಳಿದ: ಆ ವರ್ಷ ಕಾರ್ತಿಕದಲ್ಲಿ ಕಾಲು ಮುರಿದು ಸಂಕ್ರಾಂತಿಯವರೆಗೆ ಅವನು ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ. ಹಾಗಾದರೆ ಆ ಕಾರಿನಲ್ಲಿ ಕೈ ಬೀಸುತ್ತಿದ್ದವನು ಯಾರು? ಬೇರೆ ಯಾವುದೋ ದಿನ, ಬೇರೆ ಯಾವುದೋ ಕಾರಿನಲ್ಲಿ, ನಾಗಣ್ಣ ಕೂರಿಸಿದ ನಾಲ್ವರನ್ನು ಎತ್ತಿ ತಂದು ನಾನು ಇಲ್ಲಿ ಕೂರಿಸಿದ್ದೇನೆ. ಬೆರಳೂ ನಾಗಣ್ಣನದೇ ಇರಬೇಕು.

ಅಂಗಡಿಯಲ್ಲಿ ಎರಡು ಅಳತೆಯ ಟೈರೂ ಇದ್ದವು. ಯಾವುದೋ ಒಂದನ್ನು ಹಾಕಿದೆ. ರೇಣುಕ ಹಿಂದೆ ನಿಂತು ನೋಡಿ ಖುಷಿಪಟ್ಟ. ಅವನ ಖುಷಿಯಿಂದ ಅದು ಇನ್ನೂರೈದು ಎಂದು ನಾನು ಊಹಿಸುತ್ತೇನೆ. ಆದರೆ ಹೊಸ ಚಕ್ರ ಕಂಡರೆ ಅವನು ಯಾವುದಕ್ಕಾದರೂ ಖುಷಿಪಡುತ್ತಿದ್ದ.

ಮೂರು ನಾಲ್ಕು ದಿನದ ಮೇಲೆ ಫೋನು ಮಾಡಿದ. "ಮಗಾ, ಗುಂಡಿಗೆ ಇಳಿದ್ರೆ ಹಿಂದೆ ಕುಯ್ ಅಂತದೆ."

"ಹೊಸ ರಬ್ಬರು ಕಣೋ. ಅಂಚು ಸವೆದ್ರೆ ಸುಮ್ನಾಗ್ತದೆ," ಅಂದೆ.

ಈ ಮಾತು ಖಂಡಿತ ನನ್ನದು. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಳ ತೆಗೆದಿದ್ದೆ, ಸಾರಿನ ಪಸೆ ಫೋನಿಗೆ ಅಂಟಿತ್ತು. ಕಾರನ್ನು ತಂದು ನಿಲ್ಲಿಸು, ನೋಡುತ್ತೇನೆ ಎನ್ನಲು ಅರ್ಧ ನಿಮಿಷ ಸಾಕಿತ್ತು. ತಾಕುವ ಟೈರು ಸವೆದು ಸುಮ್ಮನಾಗುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಸೋಮವಾರ ರೇಣುಕ ಅವರಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂವರನ್ನೂ ನಂಜನಗೂಡಿನ ದೇವಸ್ಥಾನಕ್ಕೆ ಕರೆತಂದಿದ್ದ. ಪೂಜೆ ಮುಗಿಸಿ ಹೊರಡುವಾಗ ಅಂಗಡಿಯ ಮುಂದೆ ನಿಲ್ಲಿಸಿ, "ಬಾ, ಕೂತ್ಕೊಂಡು ನೀನೇ ಕೇಳು ಸದ್ದ," ಅಂದ. ನಾಗಣ್ಣ ಬಂದಿರಲಿಲ್ಲ. ಅಂಗಡಿಯ ಬಾಗಿಲೆಳೆದು ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಮೂವರು, ಅವರ ಕಾಲ ಬಳಿ ತೆಂಗಿನಕಾಯಿ ಚೀಲ, ಬಾಳೆಗೊನೆ. ಒಬ್ಬನೇ ಕೂರುವ ಕಾರು ಅಂದವನ ಕಾರು.

ಸದ್ದು ಕೇಳಲು ಗುಂಡಿ ಬೇಕಾಗಲಿಲ್ಲ. ಸಮ ರಸ್ತೆಯಲ್ಲೇ ಹಿಂದಿನ ಎಡ ಚಕ್ರ ಕುಯ್ಗುಡುತ್ತಿತ್ತು. ರಬ್ಬರು ಬಿಸಿಯಾದ ವಾಸನೆ ನನ್ನ ಮೂಗಿಗೆ ಬಡಿಯಿತು. ಅಥವಾ ಆಮೇಲೆ ಬಡಿದದ್ದನ್ನು ಮೊದಲಿಗೆ ಇಟ್ಟುಕೊಂಡಿದ್ದೇನೋ. ಈ ಹಿಂದುಮುಂದೇ ಎಲ್ಲವನ್ನೂ ತೀರ್ಮಾನ ಮಾಡುವಂಥದ್ದು. ಹುರುಳಿ ಹಾಸಿದ ಜಾಗಕ್ಕೆ ಬರುವ ಮೊದಲೇ ವಾಸನೆ ಬಂದಿದ್ದರೆ ತಪ್ಪು ಟೈರಿನದು. ಆಮೇಲೆ ಬಂದಿದ್ದರೆ ಹುರುಳಿಯದು.

ಬಸ್ಸಿನಿಂದ ಕಂಡ ಅದೇ ಊರಿನ ಉದ್ದಕ್ಕೂ ಹುರುಳಿ ಹಾಸಿತ್ತು, ಒಬ್ಬೊಬ್ಬರದು ಒಂದೊಂದು ತುಂಡು. ಎಲ್ಲರೂ ಮಧ್ಯದಲ್ಲಿ ಹಾದುಹೋದರು, ನಾವೂ ಹೋದೆವು. ಆದರೆ ನಮ್ಮ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣೂ ಇರಲಿಲ್ಲ. ಕಾರು ಹುರುಳಿಯ ಮೇಲೆ ಹೋಗಲಿಲ್ಲ, ಹುರುಳಿಯನ್ನು ಬಾಚಿಕೊಂಡು ಹೋಯಿತು. ಅಡಿಯಲ್ಲಿ ಕಡ್ಡಿ ಗೀರುವ ಸದ್ದು, ಬಳ್ಳಿ ಸುತ್ತಿಕೊಳ್ಳುವ ಸದ್ದು. ಆಮೇಲೆ ಹೊಗೆ.

"ಯಾರಮ್ಮ ಕರ್ಪೂರ ಹಚ್ಚಿರೋದು?" ಅಂದ ರೇಣುಕ. ಹಿಂದೆ ಮೂವರೂ ನಕ್ಕರು.

ನಾನು "ನಿಲ್ಸು" ಅಂದೆ. ಅವನು ನಿಲ್ಲಿಸಿದ. ಹುರುಳಿಯ ಮೇಲೆಯೇ.

ರಸ್ತೆಯ ಪಕ್ಕದಿಂದ ಒಬ್ಬ ಹೆಂಗಸು ಕವೆಗೋಲು ಹಿಡಿದು ಓಡಿಬರುತ್ತ ಅರಚುತ್ತಿದ್ದಳು: "ನಿಲ್ಲಿಸ್ಬ್ಯಾಡಿ! ಮುಂದಕ್ ಓಗಿ, ಮುಂದಕ್ ಓಗಿ! ಉರುಳಿ ಮೇಲ್ ನಿಲ್ಲಿಸ್ಬ್ಯಾಡ್ರಪ್ಪೋ!"

ಆಕೆಯ ಹೆಸರು ಚಿಕ್ಕತಾಯಮ್ಮ ಎಂದು ಆಮೇಲೆ ಗೊತ್ತಾಯಿತು. ಗಂಡನಿಲ್ಲದ ಹೆಂಗಸು, ಊರಿನ ಆಚೆ ಕೇರಿಯವಳು. ಆ ತುಂಡು ಹುರುಳಿ ಆಕೆಯದು. ಆಕೆಯ ಮಾತುಗಳೂ ಆಮೇಲೆ ತಿಳಿದವು, ಆಗ ನಾವು ಕೇಳಿದ್ದು ಬರೀ ಅರಚಾಟ. ಅಷ್ಟರಲ್ಲಿ ಕಾರಿನ ಅಡಿಯಿಂದ ಬೆಂಕಿ ಎದ್ದು ಹಿಂದಿನ ಚಕ್ರವನ್ನು ನೆಕ್ಕುತ್ತಿತ್ತು. ರೇಣುಕ, ನಾನು ಹೊರಗೆ ಹಾರಿದೆವು. ಅವರಮ್ಮ, ಚಿಕ್ಕಮ್ಮ ಒಂದು ಕಡೆಯಿಂದ ಇಳಿದರು. ದೊಡ್ಡಮ್ಮನಿಗೆ ಮಂಡಿನೋವು, ಬಾಳೆಗೊನೆ ಅಡ್ಡ, ಏಳಲಾಗಲಿಲ್ಲ. ಆ ಬದಿಯ ಬಾಗಿಲು ಬೆಂಕಿಯ ಕಡೆಯದು. ಅದನ್ನು ತೆಗೆದವಳು ಚಿಕ್ಕತಾಯಮ್ಮ. ಕವೆಗೋಲು ಬಿಸಾಡಿ, ಸೆರಗು ಕೈಗೆ ಸುತ್ತಿಕೊಂಡು ಹಿಡಿ ಎಳೆದು, ದೊಡ್ಡಮ್ಮನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಹೊರಗೆ ತಂದಳು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹತ್ತು ಹೆಜ್ಜೆ.

ಕಾರು ಉರಿಯಿತು. ಅದರ ಕೆಳಗಿನ ಹುರುಳಿ ಉರಿಯಿತು, ಅಲ್ಲಿಂದ ಹಿಡಿದು ಆಕೆಯ ತುಂಡು ಪೂರ್ತಿ ಉರಿಯಿತು. ಪಕ್ಕದವರು ತಮ್ಮ ತಮ್ಮ ತುಂಡನ್ನು ದೂರಕ್ಕೆ ಎಳೆದುಕೊಂಡರು. ಆಕೆ ಕುಡಿಯಲು ತಂದಿದ್ದ ಬಿಂದಿಗೆ ನೀರನ್ನು ಮೊದಲು ಕಾರಿಗೆ ಹೊಯ್ದಿದ್ದಳು. ತನ್ನ ಹುರುಳಿಗೆ ಏನೂ ಉಳಿಯಲಿಲ್ಲ.

ಅಂದು ಅವರನ್ನು ಮನೆ ಮುಟ್ಟಿಸಲು ತಿ. ನರಸೀಪುರದವರೆಗೆ ಹೋದೆ. ಮನೆಗೆ ಬಂದವರೇ ದೊಡ್ಡಮ್ಮ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಂಡರು. ಹೊಗೆ ವಾಸನೆ ಹೋಗಲೆಂದು ಅಂದುಕೊಂಡೆ. ಅಮ್ಮನೂ ಚಿಕ್ಕಮ್ಮನೂ ಅದೇ ಹೊಗೆಯಲ್ಲಿದ್ದರು, ಅವರು ಮುಖ ತೊಳೆದು ಕಾಫಿಗೆ ಕೂತರು.

ಎರಡು ದಿನದ ಮೇಲೆ ನಾಗಣ್ಣ ಸುಟ್ಟ ಕಾರನ್ನು ನೋಡಲು ಬಂದ. ಮೂರು ಟೈರು ಬೂದಿ. ನಾಲ್ಕನೆಯದರ ಒಂದು ತುಂಡು ರಿಮ್ಮಿಗೆ ಅಂಟಿಕೊಂಡು ಉಳಿದಿತ್ತು. ಅದರ ಮೇಲೆ ಅಂಕಿಯ ಬಾಲವಷ್ಟೇ ಓದಬಹುದಾಗಿತ್ತು: ಐದು, ಒಂದು ಓರೆಗೆರೆ, ಐವತ್ತು. ಮೊದಲಿನ ಎರಡು ಅಂಕಿ ಕರಗಿ ಇಳಿದಿದ್ದವು. ನೂರ ತೊಂಬತ್ತೈದಾದರೂ ಕೊನೆಗೆ ಐದು, ಇನ್ನೂರೈದಾದರೂ ಐದು. ನಾಗಣ್ಣ ಅದರ ಮೇಲೆ ಬೆರಳಾಡಿಸಿ ನನ್ನ ಕಡೆ ನೋಡದೆ ಕೇಳಿದ.

"ಜನ ಕೂರ್ಸಿದ್ಯಾ?"

"ಕೂರ್ಸಿದ್ದೆ ಅಣ್ಣ."

"ಯಾವ್ ನಂಬರ್ ಆಕ್ದೆ?"

ನಾನು ಒಂದು ಅಂಕಿ ಹೇಳಿದೆ. ಅವನು ತಲೆಯಾಡಿಸಿದ. ಯಾವ ಅಂಕಿ ಹೇಳಿದೆನೋ ಅದು ಮಾತ್ರ ಆ ಮಾತಿನೊಳಗೆ ಖಾಲಿಯಾಗಿದೆ, ಹಲ್ಲು ಬಿದ್ದ ಜಾಗದಂತೆ.

ಆಮೇಲೆ ವಿಮೆಯ ವಿಷಯ ಬಂತು. ಸ್ಪ್ರಿಂಗು ಕತ್ತರಿಸಿ, ಬೇರೆ ಅಗಲದ ಚಕ್ರ ಹಾಕಿದ ಕಾರು ಎಂದರೆ ವಿಮೆಯವರು ಕೈ ಎತ್ತುತ್ತಾರೆ. ರಸ್ತೆಯಲ್ಲಿ ಯಾರೋ ಹಾಸಿದ ಹುರುಳಿಗೆ ಬೆಂಕಿ ತಗುಲಿತು ಎಂದರೆ ಕೇಳುತ್ತಾರೆ. ರೇಣುಕನ ತಂದೆ ನಾಗಣ್ಣನನ್ನು ಕರೆಸಿ, ಕಾರಿಗಿದ್ದದ್ದು ಕಾರು ಕಂಪನಿ ಕೊಟ್ಟ ಅಳತೆಯ ಟೈರೇ ಎಂದು ಬರೆದುಕೊಡಲು ಕೇಳಿದರು. ನಾಗಣ್ಣ ಎದ್ದುನಿಂತು ಕೈಮುಗಿದು, "ನಾನ್ ಇರ್ಲಿಲ್ಲ ಸ್ವಾಮಿ. ನೋಡ್ದೆ ಇರೋದ ಬರ್ಕೊಡಕಾಗಲ್ಲ," ಅಂದ. ಅವರು ನನ್ನ ಕಡೆ ತಿರುಗಿದರು. ನಾನಿದ್ದೆನಲ್ಲ.

ಆ ಊರಿನ ಹಾಲಿನ ಡೇರಿಯ ಜಗುಲಿಯ ಮೇಲೆ ಸೇರಿದೆವು. ಕಾರಿನವರ ಕಡೆಯಿಂದ ರೇಣುಕ, ಅವರಪ್ಪ, ನಾನು. ಊರಿನ ಕಡೆಯಿಂದ ಏಳೆಂಟು ಗಂಡಸರು. ಚಿಕ್ಕತಾಯಮ್ಮ ಜಗುಲಿಯ ಕೆಳಗೆ ಕಂಬ ಹಿಡಿದು ನಿಂತಿದ್ದಳು. ಅಂಗೈಗೆ ಬಿಳಿ ಬಟ್ಟೆ ಸುತ್ತಿತ್ತು.

"ಯಾರ್ನೂ ಕೋರ್ಟಿಗೆ ಎಳೆಯೋಕಲ್ಲಮ್ಮ," ಅಂದರು ರೇಣುಕನ ತಂದೆ, ಮೆತ್ತಗೆ. "ಒಂದು ಕಾಗದ, ಅಷ್ಟೆ. ನೀನು ರಸ್ತೆಗೆ ಹಾಸಿದ್ದೆ, ಅದರಿಂದ ಆಯ್ತು, ಇನ್ಮೇಲೆ ಹಾಸಲ್ಲ ಅಂತ."

"ನಾನೊಬ್ಳೆ ಆಸಿದ್ನಾ? ಊರೇ ಆಸ್ತದೆ," ಅಂದಳು.

ಊರಿನ ಗಂಡಸರಲ್ಲೊಬ್ಬ ಗದರಿದ. "ಬರ್ಕೊಟ್ಟು ಮುಗ್ಸು ತಾಯಮ್ಮ. ನಾಳೆ ಯಾರಾದ್ರೂ ಬಂದು ಎಲ್ಲಾರ್ದೂ ಎತ್ಸುದ್ರೆ ಏನ್ ಮಾಡಾದು?"

ಅವರೆಲ್ಲರ ಹುರುಳಿಯೂ ಅಂದು ರಸ್ತೆಯ ಮೇಲೆಯೇ ಒಣಗುತ್ತಿತ್ತು. ನಾವು ಮಾತಾಡುವಾಗಲೂ ಲಾರಿಗಳು ಅದರ ಮೇಲೆ ಹಾದು ಕಾಯಿ ಒಡೆಯುವ ಸದ್ದು ಕೇಳಿಸುತ್ತಿತ್ತು. ರಸ್ತೆ ಉಳಿಸಿಕೊಳ್ಳಲು ಅವರು ಆಕೆಯನ್ನು ಕೊಟ್ಟರು. ನಾನು ಏನು ಉಳಿಸಿಕೊಂಡೆ ಎಂದು ಆಗ ನನಗೆ ಗೊತ್ತಿರಲಿಲ್ಲ.

"ನಿನ್ ಅಕ್ಷರ ಚೆನ್ನಾಗಿದೆ, ನೀನೇ ಬರಿ," ಅಂದ ರೇಣುಕ. ಆಕೆಯ ಕಾಗದವನ್ನೂ ನಾನೇ ಬರೆದೆ, ನನ್ನದನ್ನೂ. ಆಕೆಯದರಲ್ಲಿ: ನಾನು ರಸ್ತೆಗೆ ಹಾಸಿದ ಹುರುಳಿಯಿಂದಲೇ ಬೆಂಕಿ ಹತ್ತಿತು. ನನ್ನದರಲ್ಲಿ: ಕಾರಿಗೆ ಕಂಪನಿ ಅಳತೆಯ ಟೈರುಗಳಿದ್ದವು, ಯಾವುದೂ ಎಲ್ಲಿಯೂ ತಾಕುತ್ತಿರಲಿಲ್ಲ. ಆಕೆ ಕಿರುಚಿದ್ದನ್ನು ರೇಣುಕನ ತಂದೆ 'ಬೈದಾಡಿದಳು' ಎಂದು ಹೇಳಿದರು. ಅದನ್ನೂ ಬರೆದೆ. ಬಾಗಿಲು ತೆಗೆದು ದೊಡ್ಡಮ್ಮನನ್ನು ಎತ್ತಿದ್ದನ್ನು ಯಾರೂ ಹೇಳಲಿಲ್ಲ. ಹೇಳದ್ದನ್ನು ಬರೆಯಲಿಲ್ಲ.

ಆಕೆಗೆ ಓದಲು ಬರುತ್ತಿತ್ತು, ನಿಧಾನವಾಗಿ. ಬೆರಳಿಟ್ಟುಕೊಂಡು ಪೂರ್ತಿ ಓದಿದಳು. ಓದಿ, ತಲೆ ಎತ್ತಿ, ಉಳಿದ ಯಾರನ್ನೂ ನೋಡದೆ ನನ್ನನ್ನು ಕೇಳಿದಳು:

"ಚಕ್ರ ಆಕ್ದೋರು ನೀವೇ ಅಲ್ವಾ ಸಾ? ನೀವೇ ಏಳಿ. ಉರುಳಿಯಿಂದ್ಲೇನಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಏನೋ ಅಂದೆ. ಆಕೆ ಸಹಿ ಮಾಡಿದಳು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಬಟ್ಟೆ ಸುತ್ತಿದ ಕೈಯಲ್ಲಿ.

ಬೇಸಿಗೆಗೆ ನಾಗಣ್ಣನ ಅಂಗಡಿ ಬಿಟ್ಟೆ. ಅವನು ಬಿಡು ಅನ್ನಲಿಲ್ಲ. ಆ ಧನುರ್ಮಾಸದ ನಂತರ ನಾನು ಕೂಡಿಸಿದ ಪ್ರತಿ ಚಕ್ರವನ್ನೂ ಅವನು ಮತ್ತೊಮ್ಮೆ ಬೆರಳು ತೂರಿಸಿ ನೋಡುತ್ತಿದ್ದ, ಅಷ್ಟೆ. ತಿ. ನರಸೀಪುರದಲ್ಲಿ ರೇಣುಕನ ಮನೆಯವರ ಕಟ್ಟಡದಲ್ಲಿ ಒಂದು ಮಳಿಗೆ ಖಾಲಿಯಿತ್ತು. "ಬಾ ಮಗಾ, ನಿಂದೇ ಅನ್ಕೊ," ಅಂದ ರೇಣುಕ. ಬಂದೆ. ಇವತ್ತಿಗೂ ಅಲ್ಲಿಯೇ ಇದ್ದೇನೆ. ತಗ್ಗಿಸಿದ ಕಾರು ಬಂದರೆ ಎದುರಿನ ಹೋಟೆಲಿಗೆ ಕೂಗಿ ನಾಲ್ಕು ಜನರನ್ನು ಕರೆದು ಕೂರಿಸುತ್ತೇನೆ. ಬರದಿದ್ದರೆ ಕಾಯುತ್ತೇನೆ. ಎಷ್ಟು ಎಚ್ಚರಿಕೆಯ ಮನುಷ್ಯ ಎಂದು ಗಿರಾಕಿಗಳು ಮಾತಾಡಿಕೊಳ್ಳುತ್ತಾರೆ. ಆ ಮಾತು ನನ್ನ ಕಿವಿಗೂ ಬೀಳುತ್ತದೆ. ತಿದ್ದುವುದಿಲ್ಲ.

ಹೋದ ವಾರ ಬಸ್ಸು ಆ ಊರಿನ ಮುಂದೆ ನಿಧಾನ ಮಾಡಿದಾಗ ನಾನು ತಲೆ ಹೊರಗೆ ಹಾಕಿ ನೋಡಿದೆ. ರಸ್ತೆಯ ಉದ್ದಕ್ಕೂ ಹುರುಳಿ, ಮೊದಲಿನಂತೆಯೇ. ಆಚೆ ಕೇರಿಯ ಮೊದಲನೆಯ ಮನೆಯ ಅಂಗಳದಲ್ಲಿ ಮಾತ್ರ ಒಬ್ಬ ಹೆಂಗಸು ನೀಲಿ ಟಾರ್ಪಾಲಿನ ಮೇಲೆ ಹುರುಳಿ ಹರಡಿಕೊಂಡು ಕೋಲಿನಿಂದ ಬಡಿಯುತ್ತಿದ್ದಳು. ಬಾಗಿಲ ಮೇಲೆ ಬುದ್ಧನ ಪಟವಿತ್ತು. ಬಡಿಯುವುದು, ನಿಲ್ಲುವುದು, ಸೊಂಟಕ್ಕೆ ಕೈಯಿಟ್ಟುಕೊಳ್ಳುವುದು, ಮತ್ತೆ ಬಡಿಯುವುದು. ಹತ್ತು ಗಜದಾಚೆ ಬಸ್ಸಿನ ಚಕ್ರ ಊರಿನವರ ಕಾಯಿ ಒಡೆಯುತ್ತಿತ್ತು. ಅವಳೇ ಎಂದು ಹೇಳಲಾರೆ. ಮುಖ ಕಾಣಲಿಲ್ಲ. ಇಳಿಯಬಹುದಿತ್ತು, ಕಂಡಕ್ಟರು ಬಾಗಿಲಲ್ಲೇ ನಿಂತಿದ್ದ. ಇಳಿಯಲಿಲ್ಲ.

ಟೈರು ನೂರ ತೊಂಬತ್ತೈದಿತ್ತೋ ಇನ್ನೂರೈದಿತ್ತೋ ನನಗೆ ಗೊತ್ತಿಲ್ಲ. ವಾಸನೆ ಹುರುಳಿಗೆ ಮೊದಲು ಬಂತೋ ಆಮೇಲೆ ಬಂತೋ ಗೊತ್ತಿಲ್ಲ. ಎತ್ತರದ ಕಾರುಗಳೂ ಹುರುಳಿಗೆ ಸಿಕ್ಕಿ ಉರಿದಿವೆ, ನಮ್ಮದೂ ಹಾಗೆಯೇ ಉರಿಯಿತೋ ಏನೋ. ಆಕೆ ಕೇಳಿದ್ದಕ್ಕೆ ನಾನು 'ಹೌದು' ಅಂದೆನೋ, 'ಗೊತ್ತಿಲ್ಲ' ಅಂದೆನೋ ಅದೂ ಗೊತ್ತಿಲ್ಲ. ಕಾಗದದಲ್ಲಿ ಮಾತ್ರ ಗೊತ್ತಿದೆ ಎಂದು ಬರೆದಿದ್ದೇನೆ.